ಒಪ್ಪಿಗೆ ಸಿಗಲಿಲ್ಲವೆಂದು ಪಾಸ್‌ವರ್ಡ್ ಕೊಡಬೇಡಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿದ್ದುಕೊಂಡು ಸಣ್ಣ ಅಂಗಡಿ, ಸಹಕಾರ ಸಂಘ, ಶಾಲೆ, ಗೃಹೋದ್ಯಮಗಳಿಗೆ ಜಾಲತಾಣ ಮಾಡಿಕೊಡುವುದು ಒಂಬತ್ತು ವರ್ಷಗಳಿಂದ ನನ್ನ ವೃತ್ತಿ. ವಿನ್ಯಾಸ ಮಾಡುವ ತಂತ್ರಾಂಶವನ್ನೂ ಜಾಲತಾಣ ಕಟ್ಟುವ ಸೇವೆಯನ್ನೂ ಒಂದಕ್ಕೊಂದು ಜೋಡಿಸುವಾಗ ಎದುರಾಗುವ ‘ಆಥರೈಸೇಷನ್ ಎರರ್’ (ಒಪ್ಪಿಗೆ ಸಿಗದ ದೋಷ) ಎಂಬ ತೊಡಕು ನಮ್ಮ ಕಸುಬಿನಲ್ಲಿ ದಿನನಿತ್ಯದ್ದು. ನಮ್ಮಲ್ಲಿ ಬಹಳ ಜನ ಅದನ್ನು ಬಗೆಹರಿಸಿಕೊಳ್ಳುವ ರೀತಿ ಮೂಲ ತೊಡಕಿಗಿಂತ ದೊಡ್ಡ ಅಪಾಯವನ್ನು ತರುತ್ತಿದೆ ಎಂದು ನನಗೆ ಮನವರಿಕೆಯಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಕೊಂಚ ದೀರ್ಘವಾಗಿದ್ದರೆ ದಯವಿಟ್ಟು ಮನ್ನಿಸಬೇಕು.

ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹದಿನಾಲ್ಕು ಹೆಂಗಸರು ಸೇರಿ ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಯುಗಾದಿಗೆ ಮೊದಲು ಅವರ ಜಾಲತಾಣ ತೆರೆಯಬೇಕೆಂದು ಮಾತಾಗಿತ್ತು. ಪುಟಗಳ ವಿನ್ಯಾಸವೆಲ್ಲ ಮುಗಿದು, ಅದನ್ನು ಜಾಲತಾಣದೊಳಕ್ಕೆ ಸಾಗಿಸಲು ಪ್ಲಗಿನ್‌ನಲ್ಲಿ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪುಟ್ಟ ಉಪಸಾಧನದಲ್ಲಿ) ‘ಕನೆಕ್ಟ್’ ಒತ್ತಿದೆ. ಬ್ರೌಸರ್ ತೆರೆದುಕೊಂಡಿತು, ಒಪ್ಪಿಗೆ ಕೇಳುವ ಪುಟ ಬಂತು, ‘ಅಲೋ’ ಒತ್ತಿದೆ. ಮರಳಿ ವಿನ್ಯಾಸದ ಕಿಟಕಿಗೆ ಬಂದರೆ ಕೆಂಪು ಪಟ್ಟಿಯಲ್ಲಿ ಒಂದೇ ಸಾಲು: ‘ಆಥರೈಸೇಷನ್ ಫೇಲ್ಡ್, ಪ್ಲೀಸ್ ಟ್ರೈ ಎಗೇನ್’. ಅದು ಹೇಳಿದಂತೆಯೇ ಮತ್ತೆ ಮತ್ತೆ ಪ್ರಯತ್ನಿಸಿದೆ. ಹನ್ನೊಂದನೆಯ ಸಲಕ್ಕೆ ಸಂದೇಶ ಬದಲಾಯಿತು: ‘ಟೂ ಮೆನಿ ರಿಕ್ವೆಸ್ಟ್ಸ್’. ಮತ್ತೆ ಪ್ರಯತ್ನಿಸಿ ಎಂದು ಹೇಳಿದ್ದೂ ಅದೇ ವ್ಯವಸ್ಥೆ, ಪ್ರಯತ್ನಿಸಿದ್ದು ಹೆಚ್ಚಾಯಿತೆಂದು ಬಾಗಿಲು ಹಾಕಿಕೊಂಡದ್ದೂ ಅದೇ ವ್ಯವಸ್ಥೆ.

ರಾತ್ರಿ ಹತ್ತರ ಹೊತ್ತಿಗೆ ಗುಂಪಿನ ಹಿರಿಯಕ್ಕ ಫೋನು ಮಾಡಿದರು. ವಿಷಯ ತಿಳಿಸಿದೆ. ‘ತಮ್ಮಾ, ನಂಗೆ ಅದೆಲ್ಲ ತಿಳಿಯಲ್ಲ. ಪಾಸ್‌ವರ್ಡ್ ವಾಟ್ಸಾಪಿಗೆ ಹಾಕಿಬಿಡ್ತೀನಿ, ನೀನೇ ಒಳಗೆ ಹೋಗಿ ಸರಿ ಮಾಡ್ಕೋ’ ಎಂದರು. ನಂಬಿಕೆಯಿಂದ ಹೇಳಿದ ಮಾತು ಅದು, ಅವರ ಮೇಲೆ ನನಗೆ ಕಿಂಚಿತ್ತೂ ಆಕ್ಷೇಪವಿಲ್ಲ. ಆದರೆ ಆ ಪಾಸ್‌ವರ್ಡ್ ಯಾವ ಜಿಮೇಲ್ ಖಾತೆಯದೋ, ಅದೇ ಖಾತೆಗೆ ಹದಿನಾಲ್ಕು ಹೆಂಗಸರ ಉಳಿತಾಯದ ಬ್ಯಾಂಕ್ ವಿವರ, ಗಿರಾಕಿಗಳ ವಿಳಾಸ, ಸಾಲದ ಕಾಗದಪತ್ರ ಎಲ್ಲವೂ ಬರುತ್ತಿತ್ತು. ಒಂದು ಪುಟದ ವಿನ್ಯಾಸ ಸಾಗಿಸುವುದಕ್ಕಾಗಿ ಇಡೀ ಮನೆಯ ಬೀಗದ ಕೈ ನನ್ನ ಫೋನಿಗೆ ಬಂದು ಕೂರುವುದು ನನಗೆ ಸರಿ ಕಾಣಲಿಲ್ಲ. ಬೇಡ ಅಕ್ಕಾ, ಬೆಳಿಗ್ಗೆ ನೋಡೋಣ ಎಂದೆ.

ಬೆಳಿಗ್ಗೆ ತಲೆ ತಣ್ಣಗಿಟ್ಟುಕೊಂಡು ಮೊದಲಿನಿಂದ ನೋಡಿದಾಗ ಎರಡು ಕಾರಣಗಳು ಸಿಕ್ಕಿದವು. ಕಂಪ್ಯೂಟರಿನಲ್ಲಿ ತಾನಾಗಿ ತೆರೆದುಕೊಳ್ಳುವ ಬ್ರೌಸರ್‌ನಲ್ಲಿ ನನ್ನ ಖಾಸಗಿ ಖಾತೆ ಲಾಗಿನ್ ಆಗಿತ್ತು. ಕೆಲಸದ ಖಾತೆ ಇದ್ದದ್ದು ಬೇರೊಂದು ಬ್ರೌಸರ್‌ನಲ್ಲಿ. ಹೀಗಾಗಿ ಒಪ್ಪಿಗೆ ಪುಟದಲ್ಲಿ ನಾನು ಕಣ್ಣುಮುಚ್ಚಿ ‘ಅಲೋ’ ಒತ್ತುತ್ತಿದ್ದುದು ಹಿಂದೆಂದೋ ಅಭ್ಯಾಸಕ್ಕೆ ಮಾಡಿಕೊಂಡಿದ್ದ ತಾಣಕ್ಕೆ, ಸಾಗರದವರ ತಾಣಕ್ಕಲ್ಲ. ಸರಿಯಾದ ಖಾತೆಗೆ ಬಂದ ಮೇಲೂ ಕೆಲಸವಾಗಲಿಲ್ಲ, ಏಕೆಂದರೆ ಗುಂಪಿನ ವರ್ಕ್‌ಸ್ಪೇಸ್‌ನಲ್ಲಿ, ಅಂದರೆ ಜಾಲತಾಣ ಸೇವೆಯಲ್ಲಿ ಅವರಿಗಿದ್ದ ಕೆಲಸದ ಜಾಗದಲ್ಲಿ, ನಾನು ಅತಿಥಿ ಮಾತ್ರ. ಪುಟ ತಿದ್ದುವ ಹಕ್ಕು ನನಗಿತ್ತು, ಹೊರಗಿನ ಆ್ಯಪ್ ಜೋಡಿಸುವ ಹಕ್ಕು ಇರಲಿಲ್ಲ. ಬ್ರೌಸರ್‌ನ ಮೇಲ್ಭಾಗದಲ್ಲಿ ತಾಣದ ವಿಳಾಸ ಕಾಣುವ ಪಟ್ಟಿಯ ಉದ್ದನೆಯ ಸಾಲಿನ ಕೊನೆಯಲ್ಲಿ ‘ಆಕ್ಸೆಸ್ ಡಿನೈಡ್’ ಎಂಬ ಎರಡು ಪದ ಹಿಂದಿನ ರಾತ್ರಿಯಿಂದಲೂ ನನ್ನ ಕಣ್ಣೆದುರೇ ಇದ್ದಿರಬೇಕು. ಅಕ್ಕನಿಗೆ ಫೋನು ಮಾಡಿ, ಅವರ ಮಗಳ ಲ್ಯಾಪ್‌ಟಾಪಿನಲ್ಲಿ ಅವರೇ ಲಾಗಿನ್ ಆಗಿ, ಪಟ್ಟಿಯಲ್ಲಿದ್ದ ತಮ್ಮ ತಾಣವೊಂದಕ್ಕೆ ಮಾತ್ರ ಗುರುತು ಹಾಕಿ ಒಪ್ಪಿಗೆ ಕೊಡುವಂತೆ ಕೇಳಿಕೊಂಡೆ. ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು.

ಈ ಒಪ್ಪಿಗೆ ಪುಟ ಏಕೆ ಬಂತು ಎಂಬುದನ್ನು ನಮ್ಮ ತರಬೇತಿ ಕೇಂದ್ರಗಳಲ್ಲಿ ಹೇಳಿಕೊಡುವುದೇ ಇಲ್ಲ. ಒಂದು ಸೇವೆ ಇನ್ನೊಂದು ಸೇವೆಯಿಂದ ಏನಾದರೂ ತರಬೇಕಿದ್ದರೆ ಬಳಕೆದಾರನ ಪಾಸ್‌ವರ್ಡನ್ನೇ ನೇರವಾಗಿ ಕೇಳಿ ಇಟ್ಟುಕೊಳ್ಳುವ ರೂಢಿ ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಅದನ್ನು ತಪ್ಪಿಸುವುದಕ್ಕೆಂದೇ 2007ರಲ್ಲಿ ಓಆತ್ ಎಂಬ ಕ್ರಮ ರೂಪುಗೊಂಡಿತು. ಈಗ ಎಲ್ಲೆಡೆ ನಡೆಯುತ್ತಿರುವ ಓಆತ್ 2.0, 2012ರ ಅಕ್ಟೋಬರ್‌ನಲ್ಲಿ ಮಾನದಂಡವಾಗಿ ಪ್ರಕಟವಾಯಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದು ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ ಬರೆದುಕೊಟ್ಟ ಮುಖ್ತಾರನಾಮೆಯಂತೆ. ತೋಟದ ಅಡಿಕೆ ಮಾರಲು ಅಧಿಕಾರ ಪಡೆದವನು ತೋಟವನ್ನು ಮಾರಲಾರ. ಬರೆದುಕೊಟ್ಟವರು ಯಾವಾಗ ಬೇಕಾದರೂ ಅದನ್ನು ರದ್ದು ಮಾಡಬಹುದು. ಅಂದಮೇಲೆ ಒಪ್ಪಿಗೆಯ ಹೆಜ್ಜೆ ಕೈಕೊಟ್ಟಿತೆಂದು ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳಿಸುವವರು, ಯಾವ ಕೆಡುಕನ್ನು ತಪ್ಪಿಸಲು ಈ ಏರ್ಪಾಡು ಬಂದಿತೋ ಅದೇ ಕೆಡುಕಿಗೆ ಮರಳಿದಂತಾಯಿತು.

ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದರೆ ದೋಷದ ಮೂಲ ಹುಡುಕುವುದು ಸುಲಭವಾಗುತ್ತದೆ. ನಾವು ‘ಅಲೋ’ ಒತ್ತಿದೊಡನೆ ಜಾಲತಾಣ ಸೇವೆಯು ಬ್ರೌಸರ್ ಮೂಲಕ ಒಂದು ತಾತ್ಕಾಲಿಕ ಕೋಡ್ ಕೊಟ್ಟು ಕಳಿಸುತ್ತದೆ. ವಿನ್ಯಾಸದ ಪ್ಲಗಿನ್‌ನ ಸರ್ವರ್ ಆ ಕೋಡನ್ನು ಹಿಂದಿರುಗಿಸಿ ಅದರ ಬದಲಿಗೆ ಟೋಕನ್ ಎಂಬ ಡಿಜಿಟಲ್ ಅನುಮತಿ ಚೀಟಿ ಪಡೆಯುತ್ತದೆ. ಮುಂದಿನ ಕೆಲಸವೆಲ್ಲ ಆ ಟೋಕನ್ ಮೇಲೆಯೇ ನಡೆಯುತ್ತದೆ. ಕೋಡ್ ಅಲ್ಪಾಯುಷಿ, ಗರಿಷ್ಠ 10 ನಿಮಿಷ ಸಾಕೆಂದು ಮಾನದಂಡವೇ ಸಲಹೆ ಮಾಡುತ್ತದೆ, ಅನೇಕ ಸೇವೆಗಳು ಅದಕ್ಕಿಂತ ಕಡಿಮೆ ಇಡುತ್ತವೆ. ಅದನ್ನು ಒಂದೇ ಸಲ ಬಳಸಬಹುದು. ಮಲೆನಾಡಿನಲ್ಲಿ ಮೋಡ ಕವಿದರೆ ಸಾಕು, ಕರೆಂಟು ಹೋಗುತ್ತದೆ, ರೂಟರ್ ಮತ್ತೆ ಜೀವ ತಳೆಯುವಷ್ಟರಲ್ಲಿ ಕೋಡಿನ ಆಯುಷ್ಯ ತೀರಿರುತ್ತದೆ. ಆಗ ಪುಟವನ್ನು ರಿಫ್ರೆಶ್ ಮಾಡುವುದು ನಮ್ಮೆಲ್ಲರ ಮೊದಲ ಚಾಳಿ. ಹಾಗೆ ಮಾಡಿದರೆ ಬಳಸಿ ಮುಗಿದ ಕೋಡೇ ಎರಡನೆಯ ಸಲ ಸರ್ವರ್‌ಗೆ ಹೋಗುತ್ತದೆ. ಯಾರೋ ಕೋಡ್ ಕದ್ದಿರಬಹುದೆಂದು ಸರ್ವರ್ ಅದನ್ನು ತಿರಸ್ಕರಿಸುತ್ತದೆ, ಅದರಿಂದ ಮೊದಲು ಕೊಟ್ಟಿದ್ದ ಟೋಕನ್‌ಗಳನ್ನೂ ಸಾಧ್ಯವಾದರೆ ರದ್ದು ಮಾಡಬೇಕೆಂದು ಮಾನದಂಡ ಹೇಳುತ್ತದೆ. ‘ಇನ್‌ವ್ಯಾಲಿಡ್ ಗ್ರಾಂಟ್’ ಎಂಬ ಸಂದೇಶ ಕಂಡರೆ ಬಹುಮಟ್ಟಿಗೆ ಇದೇ ಕಾರಣ. ಆ ಪುಟವನ್ನು ಮುಚ್ಚಿ, ಪ್ಲಗಿನ್‌ಗೆ ಮರಳಿ, ‘ಕನೆಕ್ಟ್’ನಿಂದಲೇ ಹೊಸದಾಗಿ ಆರಂಭಿಸಬೇಕು. ಎರಡು ಟ್ಯಾಬ್‌ಗಳಲ್ಲಿ ಒಪ್ಪಿಗೆ ಪುಟ ತೆರೆದಿಟ್ಟುಕೊಂಡು ಹಳೆಯದರಲ್ಲಿ ಒತ್ತಿದರೂ ಹೀಗೆಯೇ ಕೆಡುತ್ತದೆ. ಕೇಳಿದವನಿಗೇ ಉತ್ತರ ಹೋಗುತ್ತಿದೆಯೆಂದು ಖಾತರಿಪಡಿಸಿಕೊಳ್ಳಲು ಪ್ರತಿ ಸಲವೂ ಒಂದು ಗುರುತು ಜೊತೆಗೆ ಹೋಗುತ್ತದೆ, ಅದು ಹೊಂದದಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ.

ಸೇವೆಗಳನ್ನು ಜೋಡಿಸುವ ಪ್ರೋಗ್ರಾಮನ್ನು ಸ್ವಂತವಾಗಿ ಬರೆಯುವ ವಿದ್ಯಾರ್ಥಿಗಳು ಎಡವುವುದು ಬೇರೆ ಜಾಗದಲ್ಲಿ. ಒಪ್ಪಿಗೆಯಾದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸವನ್ನು ಮೊದಲೇ ನೋಂದಾಯಿಸಿರಬೇಕಷ್ಟೆ. ಅದು ಅಕ್ಷರಕ್ಕೆ ಅಕ್ಷರ ಹೊಂದಬೇಕೆಂದು 2025ರ ಜನವರಿಯಲ್ಲಿ ಪ್ರಕಟವಾದ ಓಆತ್ ಭದ್ರತಾ ಮಾರ್ಗಸೂಚಿ ಸ್ಪಷ್ಟವಾಗಿ ವಿಧಿಸಿದೆ. ಕೊನೆಯಲ್ಲೊಂದು ಓರೆಗೆರೆ ಹೆಚ್ಚಾದರೂ, ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ ಗುರುತು) ಇರಬೇಕಾದಲ್ಲಿ ಎಚ್‌ಟಿಟಿಪಿ ಇದ್ದರೂ, ಮುಂದಿನ ಮೂರು ಡಬ್ಲ್ಯು ಬಿಟ್ಟುಹೋದರೂ ‘ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್’ ಎಂದು ಬಾಗಿಲಲ್ಲೇ ತಡೆಯುತ್ತದೆ. ಗೂಗಲ್‌ನ ಒಪ್ಪಿಗೆ ಪುಟವನ್ನು ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಬಿಟ್ಟಿದ್ದರೆ ಅದು ಕೊಡುವ ರಿಫ್ರೆಶ್ ಟೋಕನ್ (ಹೊಸ ಟೋಕನ್ ಪಡೆಯಲು ಬಳಸುವಂಥದ್ದು) ಸಾಮಾನ್ಯವಾಗಿ 7 ದಿನಕ್ಕೆ ಮುಗಿಯುತ್ತದೆ. ಸೋಮವಾರ ನಡೆದದ್ದು ಮುಂದಿನ ಸೋಮವಾರ ಏಕೆ ನಿಂತಿತೆಂದು ತಿಳಿಯದೆ ತನ್ನ ಪ್ರೋಗ್ರಾಮನ್ನೆಲ್ಲ ಅಳಿಸಿ ಮತ್ತೆ ಬರೆದ ಇಂಜಿನಿಯರಿಂಗ್ ಹುಡುಗನೊಬ್ಬ ನನ್ನಲ್ಲಿಗೆ ಬಂದಿದ್ದ. ಅವನ ಪ್ರೋಗ್ರಾಮಿನಲ್ಲಿ ತಪ್ಪೇ ಇರಲಿಲ್ಲ.

ಫಿಗ್ಮಾದಂಥ ವಿನ್ಯಾಸ ತಂತ್ರಾಂಶದಲ್ಲಿ ಪ್ಲಗಿನ್‌ನ ಪುಟ್ಟ ಕಿಟಕಿ ಪ್ರತ್ಯೇಕವಾದೊಂದು ಚೌಕಟ್ಟಿನೊಳಗೆ ಓಡುತ್ತದೆ. ಅದು ತಾನೇ ನೇರವಾಗಿ ಒಪ್ಪಿಗೆಯ ಉತ್ತರ ಪಡೆಯಲಾರದು. ಆದ್ದರಿಂದ ಲಾಗಿನ್ ಹೊರಗೆ ಬ್ರೌಸರ್‌ನಲ್ಲಿ ನಡೆಯುತ್ತದೆ, ಕೆಲಸವಾಯಿತೇ ಎಂದು ಪ್ಲಗಿನ್ ತನ್ನ ಸರ್ವರನ್ನು ಆಗಾಗ ಕೇಳುತ್ತ ಕೂರುತ್ತದೆ. ನನಗಾದಂತೆ ಖಾತೆಗಳು ಅದಲುಬದಲಾಗುವುದಕ್ಕೆ ಮೂಲ ಇಲ್ಲಿಯೇ ಇದೆ: ವಿನ್ಯಾಸ ನಡೆಯುತ್ತಿರುವುದು ಒಂದು ಕಡೆ, ಒಪ್ಪಿಗೆ ಬೀಳುತ್ತಿರುವುದು ಇನ್ನೊಂದು ಕಡೆ, ಎರಡೂ ಕಡೆ ಒಬ್ಬನೇ ಮನುಷ್ಯ ಇದ್ದಾನೆಂಬುದು ನಮ್ಮ ಊಹೆ ಮಾತ್ರ. ಪಾಪ್‌ಅಪ್ ತಡೆಯುವ ವಿಸ್ತರಣೆಗಳಿಂದಲೂ ಅಡ್ಡಿಯಾಗುತ್ತದೆ. ಬೇರೆ ತಾಣಗಳ ಕುಕೀಗಳನ್ನು (ತಾಣಗಳು ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತಿನ ತುಣುಕುಗಳನ್ನು) ಆಪಲ್‌ನ ಸಫಾರಿ ಬ್ರೌಸರ್ 2020ರ ಮಾರ್ಚ್‌ನಿಂದ ತಾನಾಗಿಯೇ ಪೂರ್ತಿ ತಡೆಯುತ್ತಿರುವುದರಿಂದ, ಕ್ರೋಮ್‌ನಲ್ಲಿ ನಡೆದ ಜೋಡಣೆ ಗಿರಾಕಿಯ ಮ್ಯಾಕ್‌ನಲ್ಲಿ ನಡೆಯದಿರುವುದುಂಟು. ಬೇರೊಂದು ಪ್ರೊಫೈಲಿನಲ್ಲಿ, ವಿಸ್ತರಣೆಗಳಿಲ್ಲದೆ, ಒಂದೇ ಖಾತೆಯಿಂದ ಲಾಗಿನ್ ಆಗಿ ನೋಡಿದರೆ ಈ ಬಗೆಯ ಸಂಶಯಗಳೆಲ್ಲ ಒಟ್ಟಿಗೇ ಬಗೆಹರಿಯುತ್ತವೆ.

ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವರ ತೊಂದರೆ ಬೇರೆಯದೇ ಜಾತಿಯದು, ನಮ್ಮ ಸಣ್ಣ ಊರುಗಳಲ್ಲಿ ಅಂಥವರೇ ಹೆಚ್ಚು. 2020ರ ಡಿಸೆಂಬರ್‌ನಲ್ಲಿ ಬಂದ 5.6ನೇ ಆವೃತ್ತಿಯಿಂದ ಅದರಲ್ಲಿ ‘ಅಪ್ಲಿಕೇಶನ್ ಪಾಸ್‌ವರ್ಡ್’ ಎಂಬ ಸೌಕರ್ಯವಿದೆ. ಹೊರಗಿನ ಒಂದೊಂದು ಸಾಧನಕ್ಕೂ ಬೇರೆ ಬೇರೆಯಾಗಿ 24 ಅಕ್ಷರಗಳ ಗುಪ್ತಪದ ಕೊಟ್ಟು, ಬೇಡವೆನಿಸಿದಾಗ ಅದೊಂದನ್ನೇ ರದ್ದು ಮಾಡಬಹುದು. ತಾಣಕ್ಕೆ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಆ ಸೌಕರ್ಯವೇ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಕಾಣಿಸಿದರೂ, ಅಗ್ಗದ ಹಂಚಿಕೆಯ ಹೋಸ್ಟಿಂಗ್‌ಗಳಲ್ಲಿ (ಹಲವು ತಾಣಗಳನ್ನು ಒಂದೇ ಸರ್ವರ್‌ನಲ್ಲಿ ಇಡುವ ಸೇವೆಗಳಲ್ಲಿ) ಕೆಲವೊಮ್ಮೆ ಸರ್ವರ್‌ನ ಸಂಯೋಜನೆಯಿಂದಾಗಿ, ಕೋರಿಕೆಯ ತಲೆಬರಹದಲ್ಲಿ ಗುಪ್ತಪದವನ್ನು ಹೊತ್ತೊಯ್ಯುವ ‘ಆಥರೈಸೇಷನ್’ ಸಾಲು ದಾರಿಯಲ್ಲೇ ಉದುರಿಹೋಗುತ್ತದೆ. ಸರಿಯಾದ ಗುಪ್ತಪದ ಹಾಕಿದವನಿಗೂ ಲಾಗಿನ್ ಆಗಿಲ್ಲ ಎಂಬ ಉತ್ತರವೇ ಬರುತ್ತದೆ. ಗಿರಾಕಿ ಪಾಸ್‌ವರ್ಡ್ ಬದಲಿಸುತ್ತಾನೆ, ವಿನ್ಯಾಸಕಾರ ಪ್ಲಗಿನ್ ಬದಲಿಸುತ್ತಾನೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ‘ಸೈಟ್ ಹೆಲ್ತ್’ ಪುಟ ತೆರೆದರೆ ಆ ಸಾಲು ಬರುತ್ತಿಲ್ಲವೆಂದು ಅಲ್ಲಿಯೇ ಬರೆದಿರುತ್ತದೆ. ಅನೇಕ ಸಲ ಪುಟಗಳ ವಿಳಾಸದ ರೂಪ ನಿರ್ಧರಿಸುವ ‘ಪರ್ಮಾಲಿಂಕ್’ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ ಒಮ್ಮೆ ‘ಸೇವ್’ ಒತ್ತಿದರೆ ಸಾಕು. ಅದಕ್ಕೂ ಬಗ್ಗದಿದ್ದರೆ ಹೋಸ್ಟಿಂಗ್‌ನವರಿಗೆ ಈ ಸಾಲಿನ ಹೆಸರು ಹೇಳಿಯೇ ಪತ್ರ ಬರೆಯಬೇಕು. ‘ಸೈಟ್ ಓಪನ್ ಆಗ್ತಿಲ್ಲ’ ಎಂದಷ್ಟೇ ಬರೆದವರಿಗೆ ಬರುವ ಉತ್ತರ ಎಂಥದೆಂದು ಅನುಭವಿಸಿದವರು ಬಲ್ಲರು.

ಇನ್ನೊಂದು ಕಾರಣ ತೀರ ಸಣ್ಣದು, ಆದರೂ ಅದರಿಂದ ಒಂದು ಡಿಟಿಪಿ ಅಂಗಡಿ ಎರಡು ದಿನ ಕೆಲಸ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಅಲ್ಲಿಯ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ರೂಪಾಯಿ ನಾಣ್ಯದಷ್ಟಗಲದ ಸೆಲ್ ಸತ್ತಿತ್ತು. ರಾತ್ರಿ ಸ್ವಿಚ್ ಆರಿಸಿದರೆ ಬೆಳಿಗ್ಗೆ ಅದರ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತಿತ್ತು. ಟೋಕನ್‌ಗಳಿಗೂ ತಾಣಗಳ ಭದ್ರತಾ ಪ್ರಮಾಣಪತ್ರಗಳಿಗೂ ಆರಂಭದ ಹೊತ್ತು, ಮುಗಿಯುವ ಹೊತ್ತು ಎಂದಿರುತ್ತದೆ. ಆ ಕಂಪ್ಯೂಟರಿನ ಲೆಕ್ಕದಲ್ಲಿ ಅವೆಲ್ಲ ಇನ್ನೂ ಹುಟ್ಟೇ ಇರಲಿಲ್ಲ. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿದ ಮೇಲೆ ಮೊದಲ ಪ್ರಯತ್ನಕ್ಕೇ ಜೋಡಣೆಯಾಯಿತು. ಅಷ್ಟರಲ್ಲಿ ಅಂಗಡಿಯವರು ಮೂರು ಜನ ಗಿರಾಕಿಗಳ ಪಾಸ್‌ವರ್ಡ್ ಕೇಳಿ ಪಡೆದು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡಾಗಿತ್ತು. ಕ್ಯಾಲೆಂಡರ್ ಮಗುಚಿದಾಗ ನಾನದನ್ನು ಕಣ್ಣಾರೆ ನೋಡಿದೆ, ಒಂದು ಸಾಲು ಪೆನ್ಸಿಲಿನಲ್ಲಿತ್ತು, ಎರಡು ನೀಲಿ ಶಾಯಿಯಲ್ಲಿ.

ಕನ್ನಡದ ಮಟ್ಟಿಗೂ ಇಲ್ಲಿ ಒಂದು ಮಾತು ಹೇಳಬೇಕು. ಸರ್ವರ್ ಕೊಡುವ 401 ಮತ್ತು 403 ಎಂಬ ಎರಡು ಸಂಖ್ಯೆಗಳು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ. 401 ಎಂದರೆ ‘ನೀವು ಯಾರೆಂಬುದಕ್ಕೆ ನನಗೆ ಒಪ್ಪತಕ್ಕ ಪುರಾವೆ ಸಿಕ್ಕಿಲ್ಲ’ ಎಂದು. 403 ಎಂದರೆ ‘ನೀವು ಕೇಳಿದ್ದು ತಿಳಿಯಿತು, ಆದರೆ ಕೊಡಲಾರೆ’ ಎಂದು. ಮೊದಲನೆಯದಕ್ಕೆ ಮತ್ತೆ ಲಾಗಿನ್ ಆಗುವುದು, ಟೋಕನ್ ಹೊಸದು ಮಾಡುವುದು ಮದ್ದು. ಎರಡನೆಯದಕ್ಕೆ ಎಷ್ಟು ಸಲ ಲಾಗಿನ್ ಆದರೂ ಪ್ರಯೋಜನವಿಲ್ಲ, ಹಕ್ಕು ಕೊಡಬಲ್ಲ ಮಾಲೀಕರನ್ನೇ ಹುಡುಕಬೇಕು. 401ರ ಇಂಗ್ಲಿಷ್ ಹೆಸರೇ ‘ಅನಾಥರೈಸ್ಡ್’ ಎಂದಿರುವುದು ಮೂಲದ ಗೊಂದಲ. ಕನ್ನಡಕ್ಕೆ ತರುವವರು ಎರಡಕ್ಕೂ ‘ಅನಧಿಕೃತ’ ಎಂದೇ ಹಾಕಿ ಆ ಗೊಂದಲವನ್ನು ದುಪ್ಪಟ್ಟು ಮಾಡಿದ್ದಾರೆ. ‘ಗುರುತು ಖಚಿತವಾಗಿಲ್ಲ’, ‘ನಿಮಗೆ ಈ ಹಕ್ಕಿಲ್ಲ’ ಎಂದು ನೇರವಾಗಿ ಬರೆದರೆ ಸಾಗರದ ಅಕ್ಕನಿಗೂ ಅರ್ಥವಾಗುತ್ತದೆ. ಕೆಲವು ಸೇವೆಗಳು ಈ ಸಂಖ್ಯೆಗಳನ್ನು ತಮ್ಮದೇ ರೀತಿಯಲ್ಲಿ ಬಳಸುತ್ತವೆಂಬುದು ನಿಜ. ತಂತ್ರಾಂಶ ಬರೆಯುವವರು ಕಡತಗಳನ್ನು ಇಡುವ ಗಿಟ್‌ಹಬ್, ಖಾಸಗಿ ಕಡತ ಇದೆಯೆಂಬ ಸುಳಿವೂ ಹೊರಬೀಳಬಾರದೆಂದು, ಹಕ್ಕಿಲ್ಲದವರಿಗೆ 404 (ಅಂಥದ್ದು ಸಿಗಲಿಲ್ಲ) ಎಂದೇ ಉತ್ತರಿಸುತ್ತದೆ. ಅಂಥ ವಿನಾಯಿತಿಗಳಿದ್ದರೂ, ಸಂಖ್ಯೆಯನ್ನು ಒಮ್ಮೆ ಬರೆದಿಟ್ಟುಕೊಳ್ಳುವುದರಿಂದ ಅರ್ಧ ದಾರಿ ಸವೆದಂತೆ.

ಸಹನೆಗೆಟ್ಟು ಏನು ಕೇಳಿದರೂ ‘ಅಲೋ’ ಒತ್ತುವುದು ಪಾಸ್‌ವರ್ಡ್ ಹಂಚುವುದರಷ್ಟೇ ಕೆಟ್ಟದ್ದು. 2017ರ ಮೇ 3ರಂದು ಗೂಗಲ್ ಡಾಕ್ಸ್ ಎಂಬ ಹೆಸರನ್ನೇ ಇಟ್ಟುಕೊಂಡ ಒಂದು ಮೋಸದ ಆ್ಯಪ್ ಜಗತ್ತಿನಾದ್ಯಂತ ಹರಡಿತು. ಅದು ಯಾರ ಪಾಸ್‌ವರ್ಡನ್ನೂ ಕದಿಯಲಿಲ್ಲ. ಅಸಲಿ ಗೂಗಲ್‌ನ ಅಸಲಿ ಒಪ್ಪಿಗೆ ಪುಟದಲ್ಲಿ ನಿಂತು, ಇಮೇಲ್ ನೋಡುವ ಹಕ್ಕು ಕೊಡಿ ಎಂದು ಕೇಳಿತು, ಜನ ಕೊಟ್ಟರು, ಅವರ ಪರಿಚಯದವರಿಗೆಲ್ಲ ಅದೇ ಇಮೇಲ್ ಹೋಯಿತು. ಗೂಗಲ್ ಸುಮಾರು ಒಂದು ಗಂಟೆಯೊಳಗೆ ಅದನ್ನು ತಡೆಯಿತು. ಹೀಗೆ ಕೊಟ್ಟ ಒಪ್ಪಿಗೆ ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಹೋಗುತ್ತದೆಂದು ನಂಬುವಂತಿಲ್ಲ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಜೋಡಿಸಿದ ಆ್ಯಪ್‌ಗಳ ಪಟ್ಟಿ ತೆರೆದು, ಬೇಡದ್ದನ್ನು ಕೈಯಾರೆ ತೆಗೆಯಬೇಕು. ಇದೇ ಪಟ್ಟಿಯಿಂದ ಹಳೆಯ ಜೋಡಣೆಯನ್ನು ತೆಗೆದು ಹೊಸದಾಗಿ ಜೋಡಿಸುವುದು, ವರ್ಷದ ಹಿಂದೆ ಸರಿಯಾಗಿದ್ದು ಈಗ ಕೈಕೊಟ್ಟ ಪ್ಲಗಿನ್‌ಗಳಿಗೆ ಒಳ್ಳೆಯ ಪರಿಹಾರವೂ ಹೌದು. ಟೋಕನ್‌ಗಳಿಗೆ ಆಯುಷ್ಯವಿರುತ್ತದೆ. ಜಾಲತಾಣ ಕಟ್ಟುವ ವೆಬ್‌ಫ್ಲೋ ಸೇವೆಯಲ್ಲಿ ಒಂದು ತಾಣಕ್ಕೆಂದು ಮಾಡಿಕೊಂಡ ಟೋಕನ್ 365 ದಿನ ಬಳಸದೆ ಬಿಟ್ಟರೆ ತಾನಾಗಿ ಸಾಯುತ್ತದೆ.

ಇನ್ನು ನನ್ನ ಅಹವಾಲು. ಈ ಸಾಧನಗಳನ್ನು ತಯಾರಿಸುವ ಕಂಪನಿಗಳಲ್ಲಿ, ಬೆಂಗಳೂರಿನಲ್ಲಿ ಕುಳಿತು ಇಂಥ ಪ್ಲಗಿನ್ ಬರೆಯುವ ನಮ್ಮ ಹುಡುಗ ಹುಡುಗಿಯರೂ ಸೇರಿದಂತೆ, ನಾನು ಕೇಳಿಕೊಳ್ಳುವುದೇನೆಂದರೆ, ‘ಮತ್ತೆ ಪ್ರಯತ್ನಿಸಿ’ ಎಂಬ ಒಂದು ಸಾಲಿನಿಂದ ಕೈತೊಳೆದುಕೊಳ್ಳಬೇಡಿ. ಈಗ ಯಾವ ಖಾತೆಯಿಂದ ಒಪ್ಪಿಗೆ ಬಂದಿದೆ, ಯಾವ ತಾಣಕ್ಕೆ ಬಂದಿದೆ, ಕೊರತೆಯಾದದ್ದು ಗುರುತೋ ಹಕ್ಕೋ ಅವಧಿಯೋ, ಇಷ್ಟನ್ನು ಪರದೆಯ ಮೇಲೆ ತೋರಿಸಿ. ವ್ಯವಸ್ಥೆಗೆ ಇವುಗಳಲ್ಲಿ ಬಹುಪಾಲು ತಿಳಿದೇ ಇರುತ್ತದೆ, ಬಳಕೆದಾರನಿಗೆ ಹೇಳುವುದಿಲ್ಲ ಅಷ್ಟೇ. ಜಿಲ್ಲಾ ಕೇಂದ್ರಗಳಲ್ಲಿ ವೆಬ್ ಡಿಸೈನ್ ಕೋರ್ಸ್ ನಡೆಸುವವರು ಬಣ್ಣ, ಅಕ್ಷರಶೈಲಿ, ಲೇಔಟ್‌ಗಳಿಗೆ ತಿಂಗಳುಗಟ್ಟಲೆ ಕೊಡುತ್ತಾರೆ. ಅದರಲ್ಲಿ ಎರಡು ದಿನವನ್ನಾದರೂ ಖಾತೆ, ಹಕ್ಕು, ಟೋಕನ್‌ಗಳಿಗೆ ಮೀಸಲಿಡಬೇಕು. ನನ್ನ ಸಹೋದ್ಯೋಗಿಗಳು ಗಿರಾಕಿಯ ತಾಣವನ್ನು ತಮ್ಮ ಸ್ವಂತ ಖಾತೆಯಲ್ಲಿ ಕಟ್ಟಿಕೊಡುವ ರೂಢಿಯನ್ನು ಬಿಡಬೇಕು. ತಾಣ ಮಾಲೀಕರ ಖಾತೆಯಲ್ಲೇ ಹುಟ್ಟಲಿ, ನಾವು ಅತಿಥಿಗಳಾಗಿ ಒಳಗೆ ಹೋಗಿ, ಕೆಲಸ ಮುಗಿದ ಮೇಲೆ ಹೊರಗೆ ಬರೋಣ. ಹೀಗೆ ಮಾಡಿದರೆ ಆರಂಭದಲ್ಲಿ ನನಗಾದಂತೆ ಒಂದೆರಡು ಸಲ 403 ಎದುರಾಗುತ್ತದೆ, ಆದರೆ ನಾಳೆ ವಿನ್ಯಾಸಕಾರ ಊರು ಬಿಟ್ಟರೂ ತಾಣ ಅವರದಾಗಿಯೇ ಉಳಿಯುತ್ತದೆ.

ತಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ತಂತ್ರಜ್ಞಾನಕ್ಕೆಂದು ಅರ್ಧ ಪುಟವಾದರೂ ಮೀಸಲಾದರೆ, ಹೊಸ ಫೋನುಗಳ ವಿವರದ ಜೊತೆಗೆ ಇಂಥ ಒಂದೊಂದು ದೋಷ ಸಂದೇಶವನ್ನು ಎತ್ತಿಕೊಂಡು, ಅದರ ಅರ್ಥವೇನು, ಯಾರನ್ನು ಕೇಳಬೇಕು, ಏನನ್ನು ಕೊಡಬಾರದು ಎಂದು ನೂರು ಪದಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಒಂಬತ್ತು ವರ್ಷಗಳಲ್ಲಿ ಎದುರಾದ ಇಂಥ ಸಂದೇಶಗಳ ಪರದೆಯ ಚಿತ್ರಗಳನ್ನು, ಆಗ ಸಿಕ್ಕ ಕಾರಣದ ಟಿಪ್ಪಣಿಯೊಡನೆ, ಒಂದು ಕಡತದಲ್ಲಿ ಕೂಡಿಟ್ಟಿದ್ದೇನೆ. ಗಿರಾಕಿಗಳ ಹೆಸರು, ವಿಳಾಸ ಅಳಿಸಿ ಅದನ್ನು ಕಳಿಸಿಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಜಾಲತಾಣ ವಿನ್ಯಾಸಕಾರ, ಶಿವಮೊಗ್ಗ